ಹೊರಗೆ ಕೂತ ದೊಡ್ಡಸೊಸೆ

ಹೋದ ವಾರ ಬಂಗಾರಪೇಟೆಯಿಂದ ಬಂದಿದ್ದ ನೆಂಟರೊಬ್ಬರು ಮಜ್ಜಿಗೆ ಬಡಿಸಿಕೊಳ್ಳುತ್ತ, "ನಿಮ್ಮ ಹಳೇ ಬಾಡಿಗೆ ಮನೆಯ ದೊಡ್ಡಸೊಸೆ ಹೋಗಿಬಿಟ್ಟಳಂತೆ, ಗೊತ್ತಾಯಿತೆ?" ಎಂದರು. ನಾನು ಸೌಟು ಹಿಡಿದು ನಿಂತುಬಿಟ್ಟೆ. "ಇನ್ನೊಂದು ಸ್ವಲ್ಪ ಹಾಕಿ" ಎಂದು ಅವರು ನೆನಪಿಸಿದ ಮೇಲೆಯೇ ಕೈ ಆಡಿದ್ದು. ಸಾವಿನ ಸುದ್ದಿಯನ್ನು ಮಜ್ಜಿಗೆ ಅನ್ನದ ಜೊತೆ ಕಲಸಿಕೊಂಡು ಉಣ್ಣುವ ಗಂಡಸರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆದರೆ ಏನು ಮಾಡುವುದು, ನೆಂಟರು.

ಅವಳಿಗೂ ಒಂದು ಹೆಸರಿತ್ತು. ನನಗೆ ಗೊತ್ತು, ಆದರೆ ಬರೆಯುವುದಿಲ್ಲ. ಬದುಕಿದ್ದಷ್ಟು ದಿನ ಆ ಮನೆಯಲ್ಲಿ ಒಬ್ಬರೂ ಅವಳನ್ನು ಹೆಸರು ಹಿಡಿದು ಕರೆಯಲಿಲ್ಲ. ಈಗ ನಾನು ಕಾಗದದ ಮೇಲೆ ಕರೆದರೆ ಯಾರಿಗೆ ಏನು ಬಂತು? ಊರಿಗೆಲ್ಲ ಅವಳು ದೊಡ್ಡಸೊಸೆ. ನಾವು ಅಲ್ಲಿಗೆ ಬಾಡಿಗೆಗೆ ಬಂದ ಹೊಸದರಲ್ಲಿ, ದೊಡ್ಡವಳು ಇದ್ದಾಳೆಂದ ಮೇಲೆ ಚಿಕ್ಕವಳು ತವರಿಗೆ ಹೋಗಿರಬೇಕು ಎಂದುಕೊಂಡು, "ಚಿಕ್ಕಸೊಸೆ ಯಾವಾಗ ಬರ್ತಾರೆ?" ಎಂದು ಕೇಳಿಬಿಟ್ಟೆ. ಅವಳು ಬಿದ್ದು ಬಿದ್ದು ನಕ್ಕಳು. "ಇನ್ನಾ ಉಡುಕ್ತಾವ್ರೆ ಅಕ್ಕಯ್ಯ" ಎಂದಳು. ಆ ಮನೆಗೆ ಇದ್ದವನು ಒಬ್ಬನೇ ಮಗ. ಇವಳು ಬಂದು ಕೆಲವು ವರ್ಷ ಕಳೆಯುವುದರೊಳಗೆ ಅತ್ತೆ ಇವಳನ್ನು ದೊಡ್ಡಸೊಸೆ ಎಂದು ಕರೆಯುವುದಕ್ಕೆ ಶುರು ಮಾಡಿದ್ದಳಂತೆ. ಚಿಕ್ಕವಳು ಬರುವ ಮುಂಚೆಯೇ ಇವಳು ದೊಡ್ಡವಳು. ಬಾಯಿಬಿಟ್ಟು ಒಂದು ಬೈಗುಳ ಬೈಯದೆ ಒಬ್ಬಳನ್ನು ದಿನವೂ ಹೆದರಿಸುವುದು ಹೇಗೆಂದು ಆ ಅತ್ತೆಯಿಂದ ಕಲಿಯಬೇಕು.

ನನ್ನ ಯಜಮಾನರು ಆಗ ಬೌರಿಂಗ್‌ಪೇಟೆ ಸ್ಟೇಷನ್ನಿನಲ್ಲಿ ಗೂಡ್ಸ್ ಗುಮಾಸ್ತರು. ಬಂಗಾರಪೇಟೆಯನ್ನು ಆಗೆಲ್ಲ ಹಾಗೆಯೇ ಕರೆಯುತ್ತಿದ್ದರು. ಹಿಟ್ಲರನ ಯುದ್ಧ ಇನ್ನೂ ಶುರುವಾಗಿರಲಿಲ್ಲ. ಊರಂಚಿನಲ್ಲಿ, ರಾಗಿ ಹೊಲಕ್ಕೆ ಬೆನ್ನು ಮಾಡಿ ನಿಂತ ಅವರ ಮನೆಯ ಮುಂದಿನ ಎರಡು ಕೋಣೆ ನಮಗೆ, ಹಿಂದಿನದೆಲ್ಲ ಅವರಿಗೆ ಮತ್ತು ಅವರ ಎಮ್ಮೆಗಳಿಗೆ. ನಾನು ಮೈಸೂರು ಕಡೆಯವಳು. ಅಲ್ಲಿಯ ಜನ ಒಂದು ಮಾತನ್ನು ಕನ್ನಡದಲ್ಲಿ ಹೊರಡಿಸಿ ತೆಲುಗಿನಲ್ಲಿ ತಿರುಗಿಸಿ ತಮಿಳಿನಲ್ಲಿ ಇಳಿಸುವುದನ್ನು ಕೇಳಿ ನನಗೆ ತಲೆ ಕೆಟ್ಟುಹೋಗುತ್ತಿತ್ತು. ಅವಳಿಗೆ ಮೂರೂ ನೀರು ಕುಡಿದಷ್ಟು ಸಲೀಸು. ಬೆಳಗಿನ ಗಾಡಿಗೆ ಹಾಲಿನ ತಪ್ಪಲೆ ಹೊತ್ತು ಹೋಗಿ, ಉರಿಗಾಂ ಮತ್ತು ಚಾಂಪಿಯನ್ ರೀಫ್ಸ್‌ನಲ್ಲಿ ಚಿನ್ನದ ಗಣಿ ಕೂಲಿಗಳ ಸಾಲುಮನೆಗಳಿಗೆ ಹಾಲು ಹಾಕಿ, ಹೊತ್ತೇರುವಾಗ ಬರುತ್ತಿದ್ದಳು. ಆ ಗಾಡಿ ಎಂದರೆ ಅವಳಿಗೆ ಪ್ರಾಣ. "ರೈಲ್ನಾಗೆ ಯಾರೂ ನನ್ನ 'ನೀರಾಕ್ಕೊಂಡು ಎಷ್ಟ್ ದಿನ ಆಯ್ತೇ' ಅಂತ ಕೇಳಾಕಿಲ್ಲ, ಅಕ್ಕಯ್ಯ" ಎನ್ನುತ್ತಿದ್ದಳು.

ಆ ಪ್ರಶ್ನೆಯನ್ನು ಮನೆಯಲ್ಲಿ, ಬಾವಿಕಟ್ಟೆಯಲ್ಲಿ, ಹೊಲದಲ್ಲಿ ಎಲ್ಲರೂ ಕೇಳುವವರೇ. ಯಾಕೆಂದರೆ ಅವಳ ಮುಟ್ಟಿಗೆ ಒಂದು ಲೆಕ್ಕವಿರಲಿಲ್ಲ. ಮೊದಲಿಂದಲೂ ಹಾಗೆಯೇ ಅಂತೆ. ಚಿಕ್ಕಂದಿನಲ್ಲೇ ಮದುವೆಯಾಗಿತ್ತು, ಮೈನೆರೆದ ಮೇಲೆ ಗಂಡನ ಮನೆಗೆ ಕಳಿಸುವುದೆಂದು ಮಾತು. ಓರಗೆಯವರೆಲ್ಲ ನೆರೆದು, ಹೋಗಿ, ಬಾಣಂತನಕ್ಕೆ ವಾಪಸು ಬಂದರೂ ಇವಳು ಮಾತ್ರ ತವರಿನ ಜಗಲಿಯ ಮೇಲೆ ಹುಣಿಸೆಹಣ್ಣು ಬಿಡಿಸುತ್ತ ಕೂತಿದ್ದಳು. ಕೊನೆಗೂ ಒಂದು ದಿನ ಆಯಿತು. ಆಮೇಲೆ ನಾಲ್ಕು ತಿಂಗಳು, ಐದು ತಿಂಗಳು ಸದ್ದೇ ಇರುತ್ತಿರಲಿಲ್ಲ. ಬಂತೆಂದರೆ ತಿಂಗಳಾದರೂ ನಿಲ್ಲುತ್ತಿರಲಿಲ್ಲ. ಇದರ ಜೊತೆಗೆ ಗದ್ದದ ಮೇಲೆ ಗಂಡಸರ ಹಾಗೆ ಕೂದಲು. ಕೊರಳ ಸುತ್ತ ಕಪ್ಪು ಪಟ್ಟೆ. ಮೊದಮೊದಲು ಅತ್ತೆ ಅದನ್ನು ಕೊಳೆ ಎಂದುಕೊಂಡು ತೆಂಗಿನ ನಾರಿನಿಂದ ಉಜ್ಜಿಸಿದಳಂತೆ. ಚರ್ಮ ಕಿತ್ತು ಬಂತೇ ಹೊರತು ಕಪ್ಪು ಹೋಗಲಿಲ್ಲ. ಇಂಥ ಮೈಗೆ ಈಗ ಡಾಕ್ಟರುಗಳು ಏನೋ ಒಂದು ಉದ್ದದ ಹೆಸರು ಹೇಳುತ್ತಾರಂತೆ. ಆಗ ಇದ್ದ ಹೆಸರು ಒಂದೇ, ಪಾಪದ ಫಲ.

ಮಾತಾಡುವಾಗ ಸೆರಗಿನ ತುದಿಯನ್ನು ಗದ್ದಕ್ಕೆ ಒತ್ತಿ ಹಿಡಿದುಕೊಳ್ಳುವುದು ಅವಳ ಅಭ್ಯಾಸ. ನಮ್ಮವರು ಅದನ್ನು ನಾಚಿಕೆ ಎಂದುಕೊಂಡು, "ಎಷ್ಟು ಮರ್ಯಾದಸ್ಥ ಹೆಂಗಸು" ಎಂದು ನನ್ನೆದುರು ಹೊಗಳಿದ್ದೂ ಉಂಟು. ಒಂದು ಬೆಳಿಗ್ಗೆ ಹಿತ್ತಿಲಿಗೆ ಹೋದರೆ, ಹಾಲಿನ ತಪ್ಪಲೆಯ ಮುಚ್ಚಳವನ್ನು ಕನ್ನಡಿ ಮಾಡಿಕೊಂಡು, ಬೆರಳಿಗೆ ಒಲೆಯ ಬೂದಿ ಹಚ್ಚಿ, ಒಂದೊಂದೇ ಕೂದಲು ಹಿಡಿದು ಕೀಳುತ್ತಿದ್ದಳು. ಕಣ್ಣಿನಲ್ಲಿ ನೀರು. ನನ್ನನ್ನು ನೋಡಿ ಬೆಚ್ಚಲೂ ಇಲ್ಲ, ಮುಚ್ಚಿಕೊಳ್ಳಲೂ ಇಲ್ಲ. "ಬೂದಿ ಅಚ್ಚಿದ್ರೆ ಜಾರಾಕಿಲ್ಲ. ಬೇಕಾದ್ರೆ ನಿಮ್ ಯಜಮಾನ್ರಿಗೂ ಏಳಿ, ಚೌರದೋನು ಬೇಕಾಗಾಕಿಲ್ಲ" ಎಂದಳು. ನನಗೆ ನಗು ತಡೆಯಲಾಗಲಿಲ್ಲ. ಅವಳೂ ನಕ್ಕಳು. ಅವಳ ಜೊತೆ ನನಗೆ ಸ್ನೇಹವಾದದ್ದು ಅವತ್ತು.

ಬಳೆಯ ಕಥೆಯನ್ನು ಹೇಳದೆ ಅವಳ ಮಾತು ಮುಗಿಯುವುದಿಲ್ಲ. ನಾನು ಅಲ್ಲಿಗೆ ಬರುವ ಮುಂಚಿನದು. ಐದು ತಿಂಗಳು ಮುಟ್ಟು ನಿಂತಿತು, ಹೊಟ್ಟೆಯೂ ದುಂಡಗಾಗಿತ್ತು. ಅವಳ ಮೈಯೇ ದಪ್ಪ. ಆದರೆ ಆಸೆಯ ಕಣ್ಣಿಗೆ ದಪ್ಪ ಬೇರೆ, ಬಸಿರು ಬೇರೆ ಎಂದು ಕಾಣಿಸುತ್ತದೆಯೇ? ಅತ್ತೆ ಹಿಗ್ಗಿ ಹೀರೇಕಾಯಿಯಾದಳು. ಸೂಲಗಿತ್ತಿಯನ್ನು ಕೇಳುವಷ್ಟೂ ತಾಳ್ಮೆಯಿಲ್ಲದೆ ಬಳೆಗಾರನನ್ನು ಕರೆಸಿದಳು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದರೆ ಇದೇ. ತವರಿನವರು ಮಡಿಲಕ್ಕಿ ಹೊತ್ತು ಬಂದರು. ಎರಡು ಕೈಗೂ ಮೊಣಕೈವರೆಗೆ ಹಸಿರು ಬಳೆ ಏರಿಸಿ, ಆರತಿ ಎತ್ತಿ, "ಏಳಮ್ಮ" ಎಂದು ಎಬ್ಬಿಸಿದರೆ, ಕೂತಿದ್ದ ಮಣೆ ಕೆಂಪಾಗಿತ್ತು.

ಬಂದವರೆಲ್ಲ ಬಸಿರು ಕರಗಿತು ಎಂದು ಲೊಚಗುಟ್ಟಿ ಊಟ ಮಾಡಿ ಹೋದರು. "ಇಲ್ದೇ ಇರೋದು ಎಂಗೆ ಕರಗ್ತದೆ, ನೀವೇ ಏಳಿ" ಎಂದು ಅವಳು ನನ್ನನ್ನು ಕೇಳಿದಳು. ಇನ್ನು ಆ ಬಳೆಗಳು. ತೆಗೆಯೋಣವೆಂದರೆ ಮುತ್ತೈದೆಯ ಕೈಯ ಬಳೆ ಬಿಚ್ಚುವುದು ಅಪಶಕುನ. ಇಟ್ಟುಕೊಳ್ಳೋಣವೆಂದರೆ ಕಂಡವರೆಲ್ಲ ಕೇಳುತ್ತಾರೆ. ಹಾಗಾಗಿ ಎಮ್ಮೆ ಕರೆಯುವಾಗ, ಸಗಣಿ ಬಾಚುವಾಗ, ರಾಗಿ ಬೀಸುವಾಗ ಅವು ತಾವಾಗಿಯೇ ಒಂದೊಂದಾಗಿ ಒಡೆದು ಮುಗಿಯುವವರೆಗೂ ಅವಳು ಬಸುರಿಯ ಬಳೆ ತೊಟ್ಟುಕೊಂಡೇ ಓಡಾಡಿದಳು.

ಗಂಡ ಒಳ್ಳೆಯವನು. ಹೊಡೆದವನಲ್ಲ, ಬೈದವನಲ್ಲ, ಕುಡಿದವನಲ್ಲ. ಒಂದು ಮಾತು ಆಡಬೇಕಾದ ಕಡೆ ಆಡಿದವನೂ ಅಲ್ಲ. ಏನು ಕೇಳಿದರೂ "ಅಮ್ಮ ಏನಂತಾಳೋ" ಎಂದು ಹೊಲದ ಕಡೆ ನಡೆಯುತ್ತಿದ್ದ. ಒಳ್ಳೆಯತನವನ್ನು ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಯ ಹಾಗೆ ಯಾವ ಉಪಯೋಗಕ್ಕೂ ಇಳಿಸದೆ ಇಟ್ಟುಕೊಂಡಿದ್ದ ಪುಣ್ಯಾತ್ಮ.

ನಾವು ಆ ಮನೆಗೆ ಬಂದ ಮರುವರ್ಷ ಶ್ರಾವಣದಲ್ಲಿ ಅವಳಿಗೆ ಶುರುವಾದದ್ದು ಗೌರಿಹಬ್ಬ ಕಳೆದರೂ ನಿಲ್ಲಲಿಲ್ಲ. ಆ ಮನೆಯಲ್ಲಿ ಮುಟ್ಟಾದವರು ಕೂರುವುದು ಎಮ್ಮೆ ಕೊಟ್ಟಿಗೆಯ ಮೂಲೆಯಲ್ಲಿ, ಒಂದು ಚಾಪೆ, ಒಂದು ಚೊಂಬು. ತಟ್ಟೆಯನ್ನು ದೂರದಲ್ಲಿ ಇಟ್ಟು ಕೋಲಿನಿಂದಲೋ ಕಾಲಿನಿಂದಲೋ ತಳ್ಳುವುದು. ಉಳಿದ ಹೆಂಗಸರಿಗೆ ಅದು ಮೂರು ದಿನದ ಮಾತು. ಒಲೆಯಿಲ್ಲ, ಬೀಸುಕಲ್ಲಿಲ್ಲ, ನಿಜ ಹೇಳಬೇಕೆಂದರೆ ಅದೇ ಅವರಿಗೆ ವಿಶ್ರಾಂತಿ. ಇವಳಿಗೋ, ಮೂರನೆಯ ದಿನ ಮುಗಿಯುವುದೇ ಇಲ್ಲ. ಒಳಗೆ ಬರುವಂತಿಲ್ಲ, ಹಾಲು ಮುಟ್ಟುವಂತಿಲ್ಲ, ಗಾಡಿ ಹತ್ತುವಂತಿಲ್ಲ. ಬೆಳಿಗ್ಗೆ ಗಾಡಿ ಕೂಗಿದಾಗ ಚಾಪೆಯ ಮೇಲೆ ಕೂತುಕೊಂಡೇ, "ಈಗ ಕೋರಮಂಡಲ್ ಬಂತು, ಈಗ ಉರಿಗಾಂ" ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಗಣೇಶನನ್ನು ನೀರಿಗೆ ಬಿಟ್ಟ ಮಾರನೆಯ ದಿನ ಬಚ್ಚಲ ಕಡೆ ಹೋಗಲು ಎದ್ದವಳು ಅಲ್ಲೇ ಕುಸಿದಳು. ನಾನು ಮಡಿ ಮೈಲಿಗೆ ನೋಡದೆ ಹೋಗಿ ತಲೆ ಎತ್ತಿ ಹಿಡಿದೆ. ಕಣ್ಣ ಕೆಳಗಿನ ರೆಪ್ಪೆ ಸರಿಸಿದರೆ ಸುಣ್ಣದಂತೆ ಬೆಳ್ಳಗಿತ್ತು. "ನಾಳೆ ಇವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗ್ತೀನಿ, ಯಾರು ತಡೀತೀರೋ ತಡೀರಿ" ಎಂದು ಕೂಗಾಡಿದೆ. ಯಾರೂ ತಡೆಯಲಿಲ್ಲ. ಗಂಡ ಸ್ಟೇಷನ್ನಿನವರೆಗೆ ಎತ್ತಿನ ಗಾಡಿ ಕಟ್ಟಿದ.

ಚಾಂಪಿಯನ್ ಸ್ಟೇಷನ್ನಿನ ಹತ್ತಿರ ಒಂದು ಸಣ್ಣ ಆಸ್ಪತ್ರೆ. ದೊರೆಸಾನಿ ಡಾಕ್ಟರು. ಆಕೆಯ ಮಾತು ಇಂಗ್ಲಿಷು. ಅದನ್ನು ನಮಗೆ ದಾಟಿಸಲು ಪಲಮನೇರಿನ ಕಡೆಯ ಒಬ್ಬ ಆಯಾ. ಬೌರಿಂಗ್‌ಪೇಟೆಯಿಂದ ಬಂದವರೆಂದರೆ ತೆಲುಗಿನವರೇ ಎಂದು ಆ ಆಯಾಳ ನಂಬಿಕೆ. ಡಾಕ್ಟರು ಅವಳನ್ನು ಪರದೆಯ ಹಿಂದೆ ಮಲಗಿಸಿ ಬಹಳ ಹೊತ್ತು ಪರೀಕ್ಷೆ ಮಾಡಿದರು. ಗದ್ದ ನೋಡಿದರು, ಕೊರಳು ನೋಡಿದರು, ಯಾವ ಅಸಹ್ಯವೂ ಇಲ್ಲದೆ ಮುಟ್ಟಿ ನೋಡಿದರು. ಆಮೇಲೆ ಕೈ ತೊಳೆದು ಬಂದು ಏನೋ ಉದ್ದಕ್ಕೆ ಹೇಳಿದರು. ಆಯಾ ಬಾಯಿ ತೆರೆದಳು. ಅಷ್ಟರಲ್ಲಿ ಔಷಧಿ ಬೆರೆಸುವ ಕಾಂಪೌಂಡರು ಶೀಶೆ ಹಿಡಿದು ಒಳಗೆ ಬಂದ. ಗಂಡಸಿನ ಎದುರಿಗೆ ಗರ್ಭ ಗಿರ್ಭ ಎಂದು ಹೇಗೆ ಅನ್ನುವುದು? ಆಯಾ ಅರ್ಧ ಮಾತನ್ನು ನುಂಗಿ ಉಳಿದರ್ಧವನ್ನು ಹೇಳಿದಳು: "ಸಂಚಿ ತೀಸೇಯಾಲಂಟಮ್ಮಾ, ಸರೇನಾ?"

ಸಂಚಿ ತೆಗೆದುಬಿಡಬೇಕಂತೆ, ಆಗಬಹುದೇ, ಎಂದು. ಇವಳು ಧಾರಾಳವಾಗಿ ತಲೆಯಾಡಿಸಿ, "ಸರೇ, ದಾನ್ಕೇಮಿ" ಎಂದಳು. ಅದಕ್ಕೇನಂತೆ! ಡಾಕ್ಟರು ಸಮಾಧಾನದಿಂದ ಮೇಜಿನ ಕಡೆ ತಿರುಗಿ ಏನೋ ಬರೆದುಕೊಳ್ಳತೊಡಗಿದರು. ಇವಳು ಸೊಂಟಕ್ಕೆ ಕೈ ಹಾಕಿ, ಸಿಕ್ಕಿಸಿಕೊಂಡಿದ್ದ ಎಲೆಯಡಿಕೆ ಸಂಚಿಯನ್ನು ಕಿತ್ತು, ಅದರ ದಾರ ಸುತ್ತಿ, ಮೇಜಿನ ಮೇಲೆ ಇಟ್ಟಳು. "ಒಗೆಸೊಪ್ಪೂ ಬುಟ್ಬುಡ್ತೀನಿ ಅಂತ ಏಳಿ ಅಕ್ಕಯ್ಯ" ಎಂದು ನನಗೆ ಬೇರೆ ಹೇಳಿದಳು. ಆಯಾಗೆ ಕಿಸಕ್ಕನೆ ನಗು ಬಂತು. ಬಂದ ನಗು ಹಾಗೇ ನಿಂತುಹೋಯಿತು. ಹತ್ತಿರ ಬಂದು, ಇವಳ ಹೊಕ್ಕುಳ ಕೆಳಗೆ ಅಂಗೈ ಇಟ್ಟು, "ಆ ಸಂಚಿ ಕಾದು ತಲ್ಲೀ. ಈ ಸಂಚಿ" ಎಂದಳು, ಆ ಸಂಚಿಯಲ್ಲ ತಾಯಿ, ಈ ಸಂಚಿ ಎಂದು.

ನನಗೆ ಆಗ ತೆಲುಗು ಬರುತ್ತಿರಲಿಲ್ಲ, ಮಾತಿನ ಅರ್ಥ ಅವಳು ಆಮೇಲೆ ಹೇಳಿದ್ದು. ಆದರೆ ಆ ಕೈ ಇಟ್ಟದ್ದು ತಿಳಿಯಿತು. ಇವಳು ತನ್ನ ಹೊಟ್ಟೆಯ ಮೇಲಿನ ಆ ಕೈಯನ್ನೇ ನೋಡುತ್ತಿದ್ದಳು. ಆಮೇಲೆ ಮೇಜಿನ ಮೇಲಿದ್ದ ಸಂಚಿಯನ್ನು ಬೇಗ ಎತ್ತಿಕೊಂಡು, ಯಾರೋ ಕಸಿದುಕೊಳ್ಳುತ್ತಾರೆ ಎನ್ನುವಂತೆ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿದಳು.

ಆಯಾ ಕಾಂಪೌಂಡರನ್ನು ಹೊರಗೆ ಕಳಿಸಿ ಎಲ್ಲವನ್ನೂ ಬಿಡಿಸಿ ಹೇಳಿದಳು. ನನಗೆಂದು ನಡುವೆ ಹರಕು ಕನ್ನಡ. ಡಾಕ್ಟರು ಹೇಳಿದ್ದು ಇಷ್ಟು: ಒಳಗೆ ಅಂಡಕೋಶಗಳು ಎರಡೂ ಊದಿವೆ. ತಪ್ಪು ಇರುವುದು ಅಲ್ಲಿ, ರಕ್ತ ಹರಿಯುವುದು ಮಾತ್ರ ಗರ್ಭದ ಸಂಚಿಯಿಂದ. ಸಂಚಿ ತೆಗೆದರೆ ರಕ್ತ ನಿಲ್ಲುತ್ತದೆ. ತೆಗೆಯದಿದ್ದರೆ ಇನ್ನೊಂದು ಸಲ ಹೀಗಾದಾಗ ಜೀವ ಉಳಿಯುತ್ತದೆಂದು ಹೇಳಲಾರೆ. ತೆಗೆಯುವಾಗಲೂ ಅಪಾಯವಿದೆ, ಸುಳ್ಳು ಹೇಳುವುದಿಲ್ಲ. ಸದ್ಯಕ್ಕೆ ರಕ್ತ ತಡೆಯುವುದಕ್ಕೂ ಊರುವುದಕ್ಕೂ ಔಷಧಿ ಕೊಡುತ್ತೇನೆ. ತಿಂಗಳೊಳಗೆ ಯೋಚನೆ ಮಾಡಿ ಬನ್ನಿ.

ಇವಳು ಕೇಳಿದ್ದು ಎರಡೇ ಮಾತು. ಮೊದಲನೆಯದು, ಸಂಚಿ ಇಟ್ಟುಕೊಂಡರೆ ಮಗು ಆಗುತ್ತದೆಯೆ? ಡಾಕ್ಟರು ಹೆಗಲು ಕುಣಿಸಿ, ಆಗುವುದಿಲ್ಲ ಎಂದೂ ಹೇಳಲಾರೆ, ಆಗುತ್ತದೆ ಎಂದೂ ಹೇಳಲಾರೆ ಎಂದರು. ಎರಡನೆಯದು, ಸಂಚಿ ತೆಗೆದರೆ ಗಡ್ಡ ಹೋಗುತ್ತದೆಯೆ? ಅದು ಹೋಗುವುದಿಲ್ಲ ಎಂದರು. "ಅಂಗಾದ್ರೆ ಬೇಡದ್ದು ಇರ್ತದೆ, ಬೇಕಾದ್ದು ಓಯ್ತದೆ. ಒಳ್ಳೇ ವ್ಯಾಪಾರ" ಎಂದು ಇವಳು ಎದ್ದಳು.

ದಾರಿಯುದ್ದಕ್ಕೂ ನಾನೇ ವಟಗುಟ್ಟಿದೆ. ಮೊದಲು ಜೀವ, ಆಮೇಲೆ ಮಿಕ್ಕದ್ದು ಎಂದೆ. ನನ್ನ ತಂಗಿಯಾಗಿದ್ದರೆ ಎಳೆದುಕೊಂಡು ಹೋಗಿ ಮಲಗಿಸುತ್ತಿದ್ದೆ ಎಂದೆ. ಅವಳು ಕಿಟಕಿಯಾಚೆ, ಚಿನ್ನ ತೆಗೆದು ಸುರಿದ ಸೈನೈಡ್ ಮಣ್ಣಿನ ಬಿಳೀ ಗುಡ್ಡಗಳನ್ನು ನೋಡುತ್ತ ಕೂತಿದ್ದವಳು, "ನಿಮ್ಗೇನಕ್ಕಯ್ಯ, ತೊಟ್ಲು ತುಂಬೈತೆ" ಎಂದಳು. ಸಿಟ್ಟಿನಿಂದ ಆಡಿದ ಮಾತಲ್ಲ. ನನ್ನ ಮಗಳು ಆಗಿನ್ನೂ ತೊಟ್ಟಿಲಲ್ಲಿದ್ದಳು.

ಔಷಧಿಗೆ ರಕ್ತ ನಿಂತಿತು. ತಲೆಗೆ ನೀರು ಹಾಕಿಕೊಂಡು ಒಳಗೆ ಬಂದಳು. ಇನ್ನು ಮನೆಯಲ್ಲಿ ಮಾತು ಎತ್ತಬೇಕು. ಗಂಡನನ್ನು ಕೇಳಿದರೆ, ಗೊತ್ತಲ್ಲ, "ಅಮ್ಮ ಏನಂತಾಳೋ". ಮುಳಬಾಗಿಲ ಕಡೆಯಿಂದ ಅವಳ ಅಣ್ಣ ಓಡಿ ಬಂದು, ಜಗಲಿಯ ಮೇಲೆ ನಿಂತುಕೊಂಡೇ ಹೇಳಿದ: "ಬ್ಯಾಡ ಕಣಮ್ಮಿ. ಮನ್ಯಾಗೆ ಇನ್ನಾ ಇಬ್ರು ಎಣ್ಮಕ್ಳು ಅವ್ರೆ. ಅಕ್ಕನ್ಗೆ ಸಂಚಿ ತಗ್ಸವ್ರೆ ಅಂದ್ರೆ ಅವ್ರನ್ನ ಯಾರು ಕೇಳ್ತಾರೆ? ಎಲ್ರೂ ನಿನ್ನಂಗೇ ಅಂತಾರೆ." ಅತ್ತೆ ರಂಪ ಮಾಡುತ್ತಾಳೆ, ಊರು ಒಂದು ಮಾಡುತ್ತಾಳೆ ಎಂದು ನಾನು ಸೆರಗು ಕಟ್ಟಿಕೊಂಡು ಜಗಳಕ್ಕೆ ಸಿದ್ಧವಾಗಿದ್ದೆ. ಆಯಮ್ಮ ಅಕ್ಕಿ ಆರಿಸುತ್ತಿದ್ದ ಮೊರದಿಂದ ತಲೆಯೇ ಎತ್ತದೆ, "ಊಂ, ತಗ್ಸ್ಕಳ್ಲಿ" ಎಂದಳು.

ಅತ್ತೆಯ ಲೆಕ್ಕ ಆಮೇಲೆ ನನಗೆ ಹೊಳೆಯಿತು. ಸಂಚಿ ಇರುವ ತನಕ ಮಗನಿಗೆ ಇನ್ನೊಂದು ಹೆಣ್ಣು ತರಲು ನೆಂಟರ ಬಾಯಿಗೆ ಹೆದರಬೇಕಿತ್ತು. ಇನ್ನೂ ವಯಸ್ಸಿದೆ, ಕಾದು ನೋಡಿ, ಎನ್ನುವವರಿದ್ದರು. ಸಂಚಿ ಹೋದರೆ ಯಾರೂ ತುಟಿ ಬಿಚ್ಚುವಂತಿಲ್ಲ.

ಹಾಗೆಂದು ಆ ಮುದುಕಿಯನ್ನು ರಾಕ್ಷಸಿ ಮಾಡಲು ನನಗೆ ಮನಸ್ಸು ಬಾರದು. ಹೆತ್ತದ್ದರಲ್ಲಿ ಒಬ್ಬನನ್ನು ಬಿಟ್ಟು ಮಿಕ್ಕವರನ್ನೆಲ್ಲ ಪ್ಲೇಗಿಗೆ ಕೊಟ್ಟವಳು. ಮನೆಯಲ್ಲಿ ಒಂದು ಮಗುವಿನ ಅಳು ಕೇಳಿ ಸಾಯಬೇಕೆಂದು ಅವಳಿಗೂ ಇತ್ತು. ನನ್ನ ಮಗಳು ಅಳುವಾಗ ಅವಳು ಬಾಗಿಲಲ್ಲಿ ಬಂದು ಸುಮ್ಮನೆ ನಿಂತು ಕೇಳುತ್ತಿದ್ದುದನ್ನು ನಾನೇ ಕಂಡಿದ್ದೇನೆ.

"ಅತ್ತೆ ಬ್ಯಾಡ ಅಂದಿದ್ರೆ ನಾನು ಓಗಿ ಮಾಡಿಸ್ಕೊಂಡ್ಬುಡ್ತಿದ್ದೆ" ಎಂದಳು ಇವಳು, ಎಮ್ಮೆಗೆ ಹಿಂಡಿ ಕಲಸುತ್ತ. "ಊಂ ಅಂದ್ಬುಟ್ರಲ್ಲ, ಈಗ ಏನ್ ಮಾಡ್ಲಿ? ತಗ್ಸಿದ್ರೆ ಅವ್ರಿಗೆ ದಾರಿ ಆಯ್ತದೆ. ತಗ್ಸ್ದೆ ಇದ್ರೆ ನಂಗೆ ದಾರಿ ಆಯ್ತದೆ, ಮಸಾಣಕ್ಕೆ. ಆ ಡಾಕ್ಟ್ರಮ್ಮ ಮಗ ಆಗಾಕಿಲ್ಲ ಅಂತ ಒಂದ್ ಮಾತು ಅಂದಿದ್ರೆ ಮುಗ್ದೋಗ್ತಿತ್ತು. ಏಳಾಕೆ ಬರಾಕಿಲ್ಲ ಅಂದ್ಬುಟ್ಳು. ನಾಳೆ ಆಗೋದಿತ್ತೇನೋ ಅಂತ ಸಾಯೋಗಂಟ ಅನ್ನುಸ್ತದಲ್ಲಕ್ಕಯ್ಯ." ಅತ್ತ ದರಿ, ಇತ್ತ ಪುಲಿ ಎಂದು ಗಾದೆ ಹೇಳುವುದು ಸುಲಭ. ನಡುವೆ ನಿಂತವಳು ಹಿಂಡಿ ಕಲಸಬೇಕು, ಹಾಲು ಕರೆಯಬೇಕು, ಸಾರಿಗೆ ಒಗ್ಗರಣೆ ಹಾಕಬೇಕು.

ಅಂತೂ ಒಂದು ದಿನ ಗೊತ್ತು ಮಾಡಿಕೊಂಡು ಇಬ್ಬರೂ ಗಾಡಿ ಹತ್ತಿದೆವು. ಸೀರೆ, ಚೊಂಬು, ಹಳೇ ಬಟ್ಟೆಯ ಗಂಟು ಕಟ್ಟಿಕೊಂಡಿದ್ದಳು. ಚಾಂಪಿಯನ್ ಬಂತು. ನಾನು ಎದ್ದೆ. ಅವಳು ಏಳಲಿಲ್ಲ. "ಬಾರೇ, ಇಳಿಯೋಣ" ಎಂದೆ. ಗಂಟನ್ನು ಎದೆಗೆ ಅವುಚಿಕೊಂಡು ಕೂತೇ ಇದ್ದಳು. ಗಾಡಿ ಹೊರಟು ಮಾರಿಕುಪ್ಪಂಗೆ ಹೋಯಿತು. ಅಲ್ಲಿಗೆ ಹಳಿ ಮುಗಿಯುತ್ತದೆ, ಮುಂದೆ ಗಾಡಿಯೇ ಇಲ್ಲ. ಎಲ್ಲರೂ ಇಳಿದು ಹೋದರು, ಖಾಲಿ ಡಬ್ಬಿಯಲ್ಲಿ ನಾವಿಬ್ಬರೇ. ಇಂಜಿನ್ನು ಬಿಚ್ಚಿ ಈ ಕಡೆಗೆ ತಂದು ಕಟ್ಟಿದರು. ಗಾಡಿ ವಾಪಸು ಹೊರಟಿತು. ಮತ್ತೆ ಚಾಂಪಿಯನ್ ಬಂತು. ಈ ಸಲ ಅವಳು ಎದ್ದು ಬಾಗಿಲವರೆಗೆ ಹೋಗಿ ಕಂಬಿ ಹಿಡಿದು ನಿಂತಳು. ಕಾಲು ಕೆಳಗೆ ಇಳಿಯಲಿಲ್ಲ. ಗಾಡಿ ಕೂಗಿತು. ಹಾಗೆಯೇ ಹಿಂದಿರುಗಿ ಬೌರಿಂಗ್‌ಪೇಟೆಯಲ್ಲಿ ಇಳಿದು, ಗಂಟು ಹೊತ್ತು ಮನೆಗೆ ಬಂದೆವು. ಅತ್ತೆ ಗಂಟನ್ನು ನೋಡಿ, ಅಕ್ಕಿಯ ಮೊರವನ್ನು ಮುಂದಕ್ಕೆ ಎಳೆದುಕೊಂಡಳು. ನನಗಂತೂ ಅವಳನ್ನು ಹಿಡಿದು ಅಲುಗಾಡಿಸಬೇಕು ಎನ್ನಿಸುವಷ್ಟು ಸಿಟ್ಟು, ಅದಕ್ಕಿಂತ ಹೆಚ್ಚು ಅಳು.

ದೀಪಾವಳಿಯ ಹೊತ್ತಿಗೆ ಮತ್ತೆ ಶುರುವಾಯಿತು. ಮತ್ತೆ ಕೊಟ್ಟಿಗೆ, ಮತ್ತೆ ಚಾಪೆ. ಅಲ್ಲಿ ಕೂತಿದ್ದಾಗಲೇ ಅವಳ ಕಿವಿಗೆ ಬಿತ್ತು: ಅತ್ತೆ ತನ್ನ ತಮ್ಮನ ಮಗಳನ್ನು ಗೊತ್ತು ಮಾಡಿ, ತಾಂಬೂಲವನ್ನೂ ಬದಲಾಯಿಸಿಕೊಂಡು ಬಂದಿದ್ದಾಳೆ. ಇವಳು ಸಂಚಿ ತೆಗೆಸುತ್ತಾಳೋ ಬಿಡುತ್ತಾಳೋ ಎಂದು ಕಾಯುವ ಪುರುಸೊತ್ತು ಯಾರಿಗೂ ಇರಲಿಲ್ಲ. ಸುದ್ದಿ ತಿಳಿದು ನಾನು ಹೆದರಿಕೊಂಡೇ ಕೊಟ್ಟಿಗೆಗೆ ಹೋದೆ. ಅವಳು ಗೋಡೆಗೆ ಒರಗಿ ಕೂತಿದ್ದಳು. ಮುಖ ಬಿಳುಚಿತ್ತು, ಆದರೆ ಅಳುತ್ತಿರಲಿಲ್ಲ.

"ನಾಳೆ ಗಾಡಿಗೆ ಓಗಾನ ಅಕ್ಕಯ್ಯ. ಈ ಕಿತಾ ಇಳೀತೀನಿ."

"ಯಾಕೆ, ಈಗ ಧೈರ್ಯ ಬಂತೇನು?"

"ಧೈರ್ಯ ಎಲ್ಲಿಂದ ಬತ್ತದೆ?" ಎಂದು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. "ಇಷ್ಟ್ ದಿನ ಇದು ಈ ಮನೇದಾಗಿತ್ತು. ಅವ್ರಿಗೆ ಬ್ಯಾಡಂತೆ. ಇನ್ನ ಬರೀ ನಂದು. ನಂದು ಅಂದ್ಮೇಲೆ, ಇದು ನನ್ನ ಕೊಲ್ತಾ ಐತಲ್ಲ, ನಾನ್ಯಾಕೆ ಇಟ್ಕೊಂಡಿರ್ಲಿ?"

ಮೂಗಿಗೆ ಔಷಧಿ ಹಿಡಿದು ಆಪರೇಷನ್ ಮಾಡಿದರು. ಆ ಹೊತ್ತಿನಲ್ಲಿ ಗಣಿಯಲ್ಲಿ ಎಲ್ಲೋ ಬಂಡೆ ಸಿಡಿದು ನಾನು ಕೂತಿದ್ದ ಬೆಂಚು ಗಡಗಡ ನಡುಗಿತು. ಊರಿನವರಿಗೆ ಅದು ದಿನದ ಮಾತು. ನಾನು ಮಾತ್ರ ಇವಳ ಕಥೆ ಮುಗಿಯಿತು ಎಂದುಕೊಂಡು ಗೊತ್ತಿದ್ದ ದೇವರನ್ನೆಲ್ಲ ಕೂಗಿದೆ. ಆಯಾ ಹೊರಗೆ ಬಂದು, ಅಂಡಕೋಶದ ತುಂಬ ಸಾಬಕ್ಕಿ ಕಾಳಿನಂಥ ಗುಳ್ಳೆಗಳಿದ್ದವು, ಅವನ್ನು ಮುಟ್ಟಲಿಲ್ಲ, ಸಂಚಿ ಒಂದನ್ನು ತೆಗೆದರು, ಬದುಕಿದ್ದಾಳೆ ಎಂದಳು. ಜ್ವರ ಬಂತು, ಬಿಟ್ಟಿತು. ವಾರಗಟ್ಟಲೆ ಮಲಗಿದ್ದು, ಒಂದು ದಿನ ಗಂಡನ ಎತ್ತಿನ ಗಾಡಿಯಲ್ಲಿ ಹುಲ್ಲಿನ ಮೇಲೆ ಮಲಗಿಕೊಂಡು ಮನೆಗೆ ಬಂದಳು. ಮಾಘದಲ್ಲಿ ಆ ಗಂಡನಿಗೆ ಮದುವೆಯಾಯಿತು. ಬಾಗಿಲಲ್ಲಿ ನಿಂತು ಚಿಕ್ಕಸೊಸೆಗೆ ಆರತಿ ಎತ್ತಿದವರಲ್ಲಿ ಇವಳೂ ಒಬ್ಬಳು.

ಇಲ್ಲಿಗೆ ಬಿಡುಗಡೆಯಾಯಿತು ಎಂದು ನಾನು ತಿಳಿದಿದ್ದೆ. ಪೆದ್ದಿ ನಾನು. ಆ ಮನೆಯಲ್ಲಿ ಇನ್ನು ಎಂದೆಂದಿಗೂ ಮೈಲಿಗೆಯಾಗದ, ಗಟ್ಟಿ ರಟ್ಟೆಯ ಹೆಂಗಸು ಒಬ್ಬಳು ಸಿಕ್ಕಂತಾಯಿತು. ಅತ್ತೆಗೆ ಮಂಡಿ ನೋವು. ಚಿಕ್ಕವಳು ತಿಂಗಳಿಗೆ ಮೂರು ದಿನ ಹೊರಗೆ, ಆಮೇಲೆ ಬಸುರಿ, ಆಮೇಲೆ ಬಾಣಂತಿ. ದೇವರ ದೀಪ, ಹಬ್ಬದ ಅಡುಗೆ, ಕಲ್ಲು ಬೀಸುವುದು, ಬಾಣಂತಿಯ ನೀರು, ಎಲ್ಲವೂ ದೊಡ್ಡಸೊಸೆಯ ತಲೆಗೆ. "ನಮ್ಮೋಳಿಗೆ ದಿನಾ ಮಡಿ" ಎಂದು ಅತ್ತೆ ಬಾವಿಕಟ್ಟೆಯಲ್ಲಿ ಹೆಮ್ಮೆಯಿಂದ ಹೇಳಿಕೊಂಡು, ಬೇರೆ ಮನೆಗಳ ದೇವರ ಅಡುಗೆಗೂ ಅವಳನ್ನು ಕಳಿಸತೊಡಗಿದಳು. ಮನೆಯಲ್ಲಿ ಆಳು ಬೇಕೆಂದು ಹಾಲಿನ ವ್ಯಾಪಾರವನ್ನು ಗಂಡನಿಗೆ ವಹಿಸಿದರು. ಗಾಡಿ ಕೂಗಿದರೆ ಈಗ ಅವಳು ಒಲೆಯ ಮುಂದೆ. "ಆವಾಗ ಒಳಕ್ಕೆ ಬುಡ್ತಿರ್ಲಿಲ್ಲ, ಈವಾಗ ಒರಕ್ಕೆ ಬುಡಾಕಿಲ್ಲ" ಎಂದು ಒಮ್ಮೆ ಹೊಗೆಯೊಳಗಿಂದ ಹೇಳಿದಳು. ಮೈಯಲ್ಲಿ ರಕ್ತ ತುಂಬಿಕೊಂಡಿತ್ತು, ತೋಳು ಗಟ್ಟಿಯಾಗಿತ್ತು. ಸಾಯದೆ ಉಳಿದದ್ದನ್ನು ಆ ಮನೆ ಪೂರ್ತಿ ವಸೂಲು ಮಾಡಿತು.

ನಮಗೆ ವರ್ಗವಾಗುವ ಕೆಲವು ದಿನ ಮುಂಚಿನ ಮಾತು. ಬೆಳಿಗ್ಗೆ ಕೊಟ್ಟಿಗೆಯ ಕಡೆ ಹೋದರೆ, ದೊಡ್ಡಸೊಸೆ ಮೂಲೆಯಲ್ಲಿ ಚಾಪೆ ಹಾಸಿ, ಪಕ್ಕದಲ್ಲಿ ಚೊಂಬು ಇಟ್ಟುಕೊಂಡು, ಕಾಲು ನೀಡಿ ಕೂತಿದ್ದಾಳೆ.

"ಏನೇ ಇದು?" ಎಂದೆ.

"ಒರಗಡೆ ಆಗಿವ್ನಿ, ಅಕ್ಕಯ್ಯ."

"ಅಯ್ಯೋ, ಮತ್ತೆ ರಕ್ತ ಬಂತೇನೇ? ಏಳು, ಗಾಡಿಗೆ ಹೊತ್ತಾಗಿಲ್ಲ."

"ರಕ್ತ ಗಿಕ್ತ ಏನೂ ಇಲ್ಲ. ಸುಮ್ಕೆ ಆಗಿವ್ನಿ."

ಅಷ್ಟರಲ್ಲಿ ಅತ್ತೆ ಮಂಡಿ ಹಿಡಿದುಕೊಂಡು ಬಂದಳು. "ಲೇ, ಒಲೆ ಅಂಗೇ ಐತೆ, ಮಗಾ ಅಳ್ತದೆ, ಇಲ್ಯಾಕೆ ಕುಂತಿದ್ದೀಯೇ? ನಿಂಗ್ಯಾವ ಮುಟ್ಟೇ? ತಗ್ಸಾಕಿ ಬಂದಿಲ್ವಾ?"

"ಬ್ಯಾಡ ಬ್ಯಾಡ ಅಂದ್ರೂ ತಿಂಗ್ಳುಗಟ್ಲೆ ಕೂತಿದ್ದೆ ಅತ್ತೆ" ಎಂದಳು ಇವಳು, ಕಾಲು ಮಡಿಸದೆ. "ಈಗ ಮೂರು ದಿನ ಬೇಕು ಅಂತ ಕೂತಿವ್ನಿ. ಮುಟ್ಟಿಲ್ಲ ಅಂತೀರಾ? ಬನ್ನಿ, ಕೈ ಮುಟ್ಟಿ ಎಬ್ಬಿಸ್ಕೊಂಡು ಓಗಿ."

ಮುದುಕಿ ಎರಡು ಹೆಜ್ಜೆ ಮುಂದೆ ಬಂದು ಕೈ ಚಾಚಿದಳು. ಚಾಚಿದ ಕೈ ಅರ್ಧದಲ್ಲಿ ನಿಂತಿತು. ಒಳಗೆ ಮಗು ಜೋರಾಗಿ ಅಳುತ್ತಿತ್ತು. ಇವಳು ಅತ್ತೆಯ ಮುಖವನ್ನೇ ನೋಡುತ್ತ ಕೂತಿದ್ದಳು. ಅತ್ತೆ ಕೈ ಹಿಂದಕ್ಕೆ ಎಳೆದುಕೊಂಡು ಒಳಗೆ ಹೋದಳು. ಒಲೆ ಊದುವ ಸದ್ದು ಕೇಳಿತು, ಬಹಳ ಹೊತ್ತು ಕೇಳಿತು. ಆಮೇಲೆ ಬಿಸಿ ಮುದ್ದೆ, ಸಾರು ಹಾಕಿದ ತಟ್ಟೆಯೊಂದಿಗೆ ಕುಂಟುತ್ತ ಬಂದಳು. ದೂರದಲ್ಲೇ ನಿಂತು ಬಗ್ಗಿ, ತಟ್ಟೆಯನ್ನು ನೆಲದ ಮೇಲಿಟ್ಟು, ಅವಳನ್ನು ಮುಟ್ಟದ ಹಾಗೆ ಕೋಲಿನಿಂದ ತಳ್ಳಿದಳು.